ಕೋವಿಪಟ್ಟಿಯ ಜಾತಕ

ಯುದ್ಧ ಮುಗಿದರೆ ಯೋಧನು ಮನೆಗೆ ಮರಳುತ್ತಾನೆ. ಅವನ ಸಾಮಗ್ರಿ ಸಂತೆಗೆ ಬರುತ್ತದೆ. ಅಮೆರಿಕದ ಸೈನ್ಯವು ತನಗೆ ಬೇಡವೆಂದು ಮಾರಿದ ವಸ್ತುಗಳಲ್ಲಿ ರೈಫಲನ್ನು ಹೆಗಲಿಗೆ ತೂಗುಹಾಕುವ ಚರ್ಮದ ಪಟ್ಟಿಯೂ ಒಂದು. ಸಂಗ್ರಾಹಕರು ಅದನ್ನು ಇಂದಿಗೂ ಅರಸುತ್ತಾರೆ. ಆದರೆ ಕೈಗೆ ಬಂದ ಪಟ್ಟಿ ಹುಟ್ಟಿದ ರೂಪದಲ್ಲಿಯೇ ಇದೆಯೆ, ಇಲ್ಲವೆ ನಡುವೆ ಯಾರಾದರೂ ಅದನ್ನು ತಿದ್ದಿರುವರೆ ಎಂಬುದೇ ಪ್ರಶ್ನೆ.

1907ರ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಎರಡು ತುಂಡುಗಳ ಜೋಡಿ: ಒಂದು ಸುಮಾರು 48 ಅಂಗುಲ, ಇನ್ನೊಂದು ಸುಮಾರು 24, ಅಗಲ ಒಂದೂಕಾಲು ಅಂಗುಲ. ಎರಡನ್ನೂ ಕೂಡಿಸಲು ಒಂದು ಲೋಹದ ಬಳೆ, ಜೋಡಿ ರಂಧ್ರಗಳಲ್ಲಿ ಸಿಕ್ಕಿಸಲು ಎರಡು ಕೊಕ್ಕೆ, ಮೇಲೆ ಜಾರುವ ಎರಡು ಚರ್ಮದ ಬಳೆಗಳು. ಮೊದಲ ಮಹಾಯುದ್ಧದ ಕಾಲದಲ್ಲಿ ಕೊಕ್ಕೆ ಹಿತ್ತಾಳೆಯದು. ಎರಡನೆಯ ಮಹಾಯುದ್ಧದಲ್ಲಿ ಉಕ್ಕು ಅದರ ಸ್ಥಾನವನ್ನು ಪಡೆಯಿತು.

ಆದುದರಿಂದ ಮೊದಲು ಅಳೆಯಬೇಕು. ಉದ್ದ ಕಡಿಮೆಯಿದ್ದು ತುದಿಯ ಅಂಚು ಒರಟಾಗಿದ್ದರೆ ಚಾಕು ಆಡಿದೆಯೆಂದು ತಿಳಿಯಬೇಕು. ಕಾರ್ಖಾನೆಯ ರಂಧ್ರಗಳು ಸಾಲಾಗಿ, ಸಮಾಂತರವಾಗಿರುತ್ತವೆ. ಮೊಳೆಯಿಂದ ಕೊರೆದದ್ದು ಓರೆಯಾಗಿ ಕಾಣುತ್ತದೆ. ಹೊಸ ನೂಲಿನ ಪಕ್ಕದಲ್ಲಿ ಹಳೆಯ ಸೂಜಿಯ ತೂತುಗಳು ಬರಿದಾಗಿದ್ದರೆ ಹೊಲಿಗೆ ಬದಲಾಗಿದೆ. 1918ರ ಮುದ್ರೆಯುಳ್ಳ ಪಟ್ಟಿಗೆ ಉಕ್ಕಿನ ಕೊಕ್ಕೆಯಿದ್ದರೆ ಅದು ಅನಂತರ ಬಂದ ನೆಂಟ.

ಹಾಗೆಂದು ತಿದ್ದಿದ್ದೆಲ್ಲವೂ ಮೋಸವಲ್ಲ. ಗುರಿ ಅಲುಗದಂತೆ ಈ ಪಟ್ಟಿಯನ್ನು ತೋಳಿಗೆ ಬಿಗಿಯುವ ಪದ್ಧತಿಯುಂಟು. ತನ್ನ ತೋಳಿನ ಅಳತೆಗೆ ಒಂದು ಜೋಡಿ ರಂಧ್ರವನ್ನು ಹೆಚ್ಚಿಗೆ ಕೊರೆದುಕೊಂಡವನು ತಪ್ಪೇನೂ ಮಾಡಲಿಲ್ಲ. ಅವನ ಬಾಳಿನ ಗುರುತು ಚರ್ಮದಲ್ಲಿ ಉಳಿಯಿತು, ಅಷ್ಟೆ. ಆ ಗುರುತಿಗೆ ಬಣ್ಣ ಬಳಿದು, ಹಳೆಯ ಇಸವಿಯ ಮುದ್ರೆಯೊತ್ತಿ, ಅಚ್ಚಳಿಯದ ಮೂಲವಸ್ತುವೆಂದು ಮಾರುವವನೇ ತಪ್ಪಿತಸ್ಥ.

ಕೊಂಡವನಿಗೂ ಒಂದು ಧರ್ಮವಿದೆ. ಹಳೆಯದನ್ನು ಅಂದಗೊಳಿಸುವ ಆತುರದಲ್ಲಿ ರಂಧ್ರ ಮುಚ್ಚಿ ಹೊಲಿಗೆ ಬಿಚ್ಚಿದರೆ ಸಾಕ್ಷ್ಯವೇ ಅಳಿಯುತ್ತದೆ. ಮೂಲದ್ದು ಯಾವುದು, ಸೇರಿಸಿದ್ದು ಯಾವುದು ಎಂಬುದನ್ನು ಬರೆದಿಟ್ಟು, ಮಾರುವಾಗ ಕೊಳ್ಳುವವನಿಗೆ ತಿಳಿಸುವುದು ಲೇಸು. ಒಣಗಿದ ಚರ್ಮವು ಹೆಚ್ಚಾಗಿ ಬಿರಿಯುವುದು ರಂಧ್ರಗಳ ಬಳಿಯಲ್ಲಿಯೇ; ನಾಲ್ಕು ಕಿಲೋ ಮೀರಿದ ರೈಫಲನ್ನು ಅಂತಹ ಪಟ್ಟಿಗೆ ನಂಬಿ ತೂಗುಹಾಕುವುದು ಅಪಾಯ. ಪೆಟ್ಟಿಗೆಯಲ್ಲಿ ಭದ್ರವಾಗಿರುವುದೇ ಅದರ ವೃದ್ಧಾಪ್ಯಕ್ಕೆ ತಕ್ಕ ಗೌರವ.