ಹುಲ್ಲಿಗೆ ಕಡ್ಡಿ ಗೀರಿದವರು ಯಾರು?

ಭತ್ತದ ಕೊಯ್ಲು ಮುಗಿದ ಮೇಲೆ ವಿಜಯವಾಡದ ಸುತ್ತಿನ ಹಳ್ಳಿಗಳಿಗೆ ಹೋಗಿ ನೋಡಿ. ಗದ್ದೆಯಲ್ಲೇ ಬೆಂಕಿ, ಕಣ್ಣು ಉರಿಸುವ ಹೊಗೆ. ಕೊಯ್ಲು ಯಂತ್ರ ಹುಲ್ಲನ್ನು ಚೆಲ್ಲಾಡಿ ಹೋಗಿರುತ್ತದೆ. ಬಾಚಿ ಕಟ್ಟಲು ಆಳಿಲ್ಲ. ಆಳಿಗೆ ಕೊಡಲು ಕಾಸಿಲ್ಲ. ಮುಂದಿನ ಬಿತ್ತನೆ ಕಾಯುವುದಿಲ್ಲ. ರೈತ ಕಡ್ಡಿ ಗೀರುತ್ತಾನೆ. ಒಂದು ಟನ್ ಹುಲ್ಲಿನ ಜೊತೆ ಸುಮಾರು 5.5 ಕಿಲೋ ಸಾರಜನಕ ಗಾಳಿಪಾಲು. ಆಮೇಲೆ ಅವನೇ ಯೂರಿಯಾ ಚೀಲಕ್ಕೆ ಸಾಲು ನಿಲ್ಲಬೇಕು.

ರೈತನನ್ನು ಬೈಯುತ್ತೀರಾ? ಅವನ ಹುಲ್ಲು ಕೊಳ್ಳುವ ಒಬ್ಬನನ್ನಾದರೂ ಊರಿಗೆ ಕಳಿಸಿದಿರಾ?

2018ರಲ್ಲಿ ಕೇಂದ್ರ ಸರ್ಕಾರ ಇಂಥ ಹುಲ್ಲು, ಕಸದಿಂದ ಅನಿಲ ತೆಗೆಯುವ 'ಸತತ್' ಯೋಜನೆ ಸಾರಿತು. 2023ರೊಳಗೆ 5,000 ಜೈವಿಕ ಅನಿಲ ಘಟಕ ಎಂದಿತು. ಗಡುವು ಬಂತು, ಹೋಯಿತು. ಘಟಕಗಳು ಆ ಲೆಕ್ಕದ ಹತ್ತಿರಕ್ಕೂ ಸುಳಿಯಲಿಲ್ಲ. ಯಾವ ಮಂತ್ರಿ ತಲೆ ತಗ್ಗಿಸಿದ? ಯಾವ ಅಧಿಕಾರಿಯ ಕುರ್ಚಿ ಹೋಯಿತು? 2024ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ರಿಲಯನ್ಸ್ ಜೊತೆ 65,000 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. 500 ಘಟಕಗಳಂತೆ. ಪಾಳು ಭೂಮಿಯಲ್ಲಿ ಹೊಸದಾಗಿ ಹುಲ್ಲು ಬೆಳೆದು ಅನಿಲ ತೆಗೆಯುತ್ತಾರಂತೆ. ಬೆಳೆದು ನಿಂತ ಹುಲ್ಲು ಗದ್ದೆಯಲ್ಲಿ ಸುಡುತ್ತಿದೆಯಲ್ಲ ಸ್ವಾಮಿ, ಅದು ಯಾರ ಕಣ್ಣಿಗೂ ಬೀಳಲಿಲ್ಲವೇ?

ಊರ ಕಸದ ಕಥೆಯೂ ಅಷ್ಟೇ. ವಿಶಾಖಪಟ್ಟಣದ ಕಾಪುಲುಪ್ಪಾಡದಲ್ಲಿ ಕಸ ಸುಟ್ಟು ವಿದ್ಯುತ್ ತೆಗೆಯುವ ಸ್ಥಾವರವಿದೆ. ಆದರೆ ಕಸದೊಳಗಿನ ಕೊಳೆತ ತರಕಾರಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ ಇರುತ್ತದೆ. ನೀರಿಗೆ ಬೆಂಕಿ ಹಚ್ಚಲಾದೀತೇ? ಅದನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಬೇಕು, ಅನಿಲ ಹಿಡಿಯಬೇಕು, ಉಳಿದ ರಾಡಿಯನ್ನು ಹೊಲಕ್ಕೆ ಹಾಕಬೇಕು. ಹೈದರಾಬಾದಿನ ಬೋವೆನ್‌ಪಲ್ಲಿ ತರಕಾರಿ ಮಾರುಕಟ್ಟೆ ಮಾಡಿ ತೋರಿಸಿದೆ. ದಿನಕ್ಕೆ 10 ಟನ್ ಕಸ, ಸುಮಾರು 500 ಯೂನಿಟ್ ವಿದ್ಯುತ್. ಅಲ್ಲಿನ ಕ್ಯಾಂಟೀನಿನ ಒಲೆಯೂ ಅದೇ ಅನಿಲದಲ್ಲಿ ಉರಿಯುತ್ತದೆ. 2021ರಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೊಗಳಿದರು. ಹೊಗಳಿದ್ದನ್ನು ಆಂಧ್ರದ ಪ್ರತಿ ರೈತು ಬಜಾರಿನಲ್ಲಿ, ಅಂದರೆ ರೈತರ ಸಂತೆಯಲ್ಲಿ, ಕಟ್ಟಲು ಸರ್ಕಾರಕ್ಕೆ ಅಡ್ಡಿ ಬಂದದ್ದೇನು?

ಆಂಧ್ರದ ಅನಕಾಪಲ್ಲಿಯ ಬೆಲ್ಲದವರನ್ನು ನೋಡಿ. ಕಬ್ಬಿನ ರಸ ಕಾಯಿಸಲು ಕಬ್ಬಿನ ಸಿಪ್ಪೆಯೇ ಉರುವಲು. ಇದನ್ನು ಅವರಿಗೆ ಯಾವ ಇಲಾಖೆಯೂ ಕಲಿಸಲಿಲ್ಲ. ಆದರೆ ಹಳೆಯ ಒಲೆಯಲ್ಲಿ ಸಾಕಷ್ಟು ಕಾವು ಹೊಗೆಯ ಜೊತೆ ಹೋಗುತ್ತದೆ. ಆ ಕಾವಿನಲ್ಲೇ ಇನ್ನೊಂದು ಕೊಪ್ಪರಿಗೆ ಬಿಸಿ ಮಾಡುವ ಒಲೆಗಳು ಎಂದೋ ಬಂದಿವೆ. ಕಬ್ಬಿನ ಸಂಶೋಧನಾ ಕೇಂದ್ರ ಅದೇ ಊರಲ್ಲಿದೆ. ಬಡ ಗಾಣದವನ ಅಂಗಳಕ್ಕೆ ಆ ಒಲೆ ತಲುಪಿಸಲು ಮಾತ್ರ ದುಡ್ಡಿಲ್ಲ.

ನಮ್ಮ ಮಂಡ್ಯವೂ ಸಾಚಾ ಅಲ್ಲ. ಕಬ್ಬಿನ ತರಗಿಗೆ ಹೊಲದಲ್ಲೇ ಬೆಂಕಿ ಇಡುತ್ತೇವೆ. ಕೆಲವು ಆಲೆಮನೆಗಳಲ್ಲಿ ಒಲೆಗೆ ಹಳೇ ಟೈರು, ಪ್ಲಾಸ್ಟಿಕ್ ತುರುಕುತ್ತಾರೆ. ಆ ಹೊಗೆ ಕುಡಿಯುವುದು ಕೊಪ್ಪರಿಗೆ ಮುಂದೆ ನಿಂತ ಕೂಲಿಯಾಳು. ನೋಡಿಯೂ ಸುಮ್ಮನಿರುವ ಅಧಿಕಾರಿ ಆ ಪಾಪದಲ್ಲಿ ಪಾಲುದಾರ. ಕೇಳದೆ ಬೆಲ್ಲ ತಿನ್ನುವ ನಾವೂ ಪಾಲುದಾರರು.

ಆಳುವವರು ತಾವಾಗಿ ಏಳುವುದಿಲ್ಲ. ಮುಂದಿನ ಕೊಯ್ಲಿಗೆ ಮುಂಚೆ ಹುಲ್ಲಿಗೆ ಬೆಲೆ ಕಟ್ಟಿಸಿ. ಹುಲ್ಲು ಕಟ್ಟುವ ಯಂತ್ರ ಪಂಚಾಯಿತಿಗೆ ಬರುವವರೆಗೆ ಕಚೇರಿಯ ಬಾಗಿಲು ಬಿಡಬೇಡಿ. ಬೆಲ್ಲ ಕೊಳ್ಳುವಾಗ ಒಲೆಗೆ ಏನು ಹಾಕುತ್ತೀರಿ ಎಂದು ಕೇಳಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ.