ಬಾಡಿಗೆ ಮನೆಯ ನಷ್ಟ ಎಲ್ಲಿ ಮಾಯವಾಗುತ್ತದೆ?

ಮಾನ್ಯ ಕೇಂದ್ರ ಹಣಕಾಸು ಸಚಿವೆ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾಗಿರುವ ತಮಗೆ ಬೆಂಗಳೂರಿನ ‘ಟು ಲೆಟ್’ ಬೋರ್ಡುಗಳ ಪರಿಚಯ ಮಾಡಿಕೊಡಬೇಕಿಲ್ಲ. ಆ ಬೋರ್ಡು ತೂಗುಹಾಕುವವರೆಲ್ಲ ಕೋಟ್ಯಧಿಪತಿಗಳೇನಲ್ಲ. ಸಂಬಳದಲ್ಲಿ ಕಂತು ಕಟ್ಟುತ್ತ ಒಂದು ಫ್ಲ್ಯಾಟು ಮಾಡಿಕೊಂಡವರಿದ್ದಾರೆ. ನಿವೃತ್ತಿಯ ದುಡ್ಡಿಗೆ ಸಾಲ ಸೇರಿಸಿ ಮೇಲೊಂದು ಮಹಡಿ ಎಬ್ಬಿಸಿದವರಿದ್ದಾರೆ. ಈ ಪತ್ರ ಅವರ ತೆರಿಗೆ ಲೆಕ್ಕದ್ದು.

ಉದ್ಯೋಗಿಯೊಬ್ಬರು 60 ಲಕ್ಷ ಸಾಲ ಮಾಡಿ 80 ಲಕ್ಷದ ಫ್ಲ್ಯಾಟು ಕೊಂಡು ಬಾಡಿಗೆಗೆ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 25,000ದಂತೆ ವರ್ಷಕ್ಕೆ 3 ಲಕ್ಷ ಬಾಡಿಗೆ. ಪಾಲಿಕೆಗೆ ಕಟ್ಟಿದ ಕಂದಾಯ 12,000 ಕಳೆದರೆ 2,88,000. ಸುಣ್ಣಬಣ್ಣ, ಮೋಟಾರು ರಿಪೇರಿ, ಬ್ರೋಕರ್ ಕಮಿಷನ್, ವಿಮೆ ಎಲ್ಲಕ್ಕೂ ಸೇರಿಸಿ ಕಾನೂನು ಕೊಡುವ ಶೇ 30ರ ವಿನಾಯಿತಿ 86,400. ಉಳಿದದ್ದು 2,01,600. ಆ ವರ್ಷ ಬ್ಯಾಂಕಿಗೆ ಹೋದ ಬಡ್ಡಿಯೇ 5 ಲಕ್ಷ. ಅಲ್ಲಿಗೆ ನಷ್ಟ 2,98,400 ರೂಪಾಯಿ.

ಹಳೆಯ ತೆರಿಗೆ ಪದ್ಧತಿಯಲ್ಲಿ ಇದರಲ್ಲಿ 2 ಲಕ್ಷವನ್ನು ಸಂಬಳದ ಆದಾಯದಲ್ಲಿ ಕಳೆಯಬಹುದು. ಮಿಕ್ಕ 98,400ನ್ನು ಮುಂದಿನ 8 ವರ್ಷಗಳ ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ಸಂಬಳದಲ್ಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಪೂರ್ತಿ ನಷ್ಟ ಅದೇ ಮಾರ್ಚ್ 31ಕ್ಕೆ ಸತ್ತುಹೋಗುತ್ತದೆ.

ಹಾಗಿದ್ದರೆ ಹಳೆಯದರಲ್ಲೇ ಉಳಿಯಲಿ ಎನ್ನಬಹುದು. ಆದರೆ 2023-24ರಿಂದ ಬೇರೆ ಆಯ್ಕೆ ಹೇಳದವರು ತಾವಾಗಿಯೇ ಹೊಸ ಪದ್ಧತಿಗೆ ಬಂದು ಬೀಳುತ್ತಾರೆ. 2025ರ ಬಜೆಟ್ಟಿನಲ್ಲಿ ತಾವು ಘೋಷಿಸಿದ 12 ಲಕ್ಷದವರೆಗಿನ ತೆರಿಗೆ ರಿಯಾಯಿತಿ ಸಿಗುವುದೂ ಅಲ್ಲೇ. ಸಂಬಳದಾರರನ್ನು ಆ ಕಡೆಗೆ ಕರೆದವರು ತಾವೇ.

ಕಡಿಮೆ ದರ ಬೇಕಾದವರು ವಿನಾಯಿತಿ ಬಿಡಬೇಕು ಎಂಬುದು ಸರ್ಕಾರದ ವಾದ. ಸಂಬಳದಲ್ಲಿ ಕಳೆಯುವ ಸೌಲಭ್ಯದ ಮಟ್ಟಿಗೆ ಅದನ್ನು ಒಪ್ಪಬಹುದು. ಮುಂದಿನ ಬಾಡಿಗೆಯಲ್ಲಿ ಹಿಂದಿನ ನಷ್ಟ ಕಳೆಯುವುದು ಮಾತ್ರ ವಿನಾಯಿತಿಯಲ್ಲ. ಅದು ಆ ಬಾಡಿಗೆ ಗಳಿಸಲು ತಗುಲಿದ ಖರ್ಚು. ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಯನ್ನು ಹೊಸ ಪದ್ಧತಿಯೂ ಖರ್ಚೆಂದೇ ಒಪ್ಪುತ್ತದೆ, ಬಾಡಿಗೆ ಇರುವಷ್ಟಕ್ಕೆ ಮಾತ್ರ. ಸಾಲದ ಮೊದಲ ವರ್ಷಗಳಲ್ಲಿ ಬಡ್ಡಿಯ ಹೊರೆ ಹೆಚ್ಚು, ಬಾಡಿಗೆ ಕಡಿಮೆ. ಮುಂದೆ ಬಡ್ಡಿ ಇಳಿದು ಬಾಡಿಗೆ ಏರಿದಾಗ ಹಳೆಯ ನಷ್ಟದ ಲೆಕ್ಕವೇ ಇಲ್ಲದೆ ತೆರಿಗೆ ಬೀಳುತ್ತದೆ. ಷೇರು ಪೇಟೆಯಲ್ಲಿ ಕಳೆದುಕೊಂಡವರಿಗೆ ಇದೇ ಹೊಸ ಪದ್ಧತಿಯಲ್ಲೂ ನಷ್ಟವನ್ನು 8 ವರ್ಷ ಒಯ್ಯುವ ಅವಕಾಶ ಉಂಟು!

ಇನ್ನೂ ವಿಚಿತ್ರವಾದದ್ದು ಒಂದಿದೆ. ಸಾಲವಿಲ್ಲದ ನಾಲ್ಕು ಬಾಡಿಗೆ ಮನೆ ಇರುವವರು ಐದನೆಯದನ್ನು ಸಾಲದಲ್ಲಿ ಕೊಂಡರೆ ಅದರ ನಷ್ಟವನ್ನು ಉಳಿದ ನಾಲ್ಕರ ಬಾಡಿಗೆಯಲ್ಲಿ ಕಳೆಯಬಹುದು. ಹೊಸ ಪದ್ಧತಿಯೂ ಅದನ್ನು ತಡೆಯುವುದಿಲ್ಲ. ಒಂದೇ ಮನೆ ಇರುವವರಿಗೆ ಮಾತ್ರ ದಾರಿಯಿಲ್ಲ. ಉಳ್ಳವರಿಗೊಂದು, ಇಲ್ಲದವರಿಗೊಂದು ಎಂದು ಯಾರೂ ಬರೆಯಲಿಲ್ಲ, ಆಗಿರುವುದು ಅದೇ.

ಮನೆ ಮಾಲೀಕರೆಲ್ಲ ಸಾಚಾ ಎಂದು ಈ ಪತ್ರ ವಾದಿಸುವುದಿಲ್ಲ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎಂದರೂ ಹತ್ತು ತಿಂಗಳದ್ದು ಕೇಳುವವರು ಬೆಂಗಳೂರಿನಲ್ಲಿ ಈಗಲೂ ಇದ್ದಾರೆ. ನಗದಿನಲ್ಲಿ ಬಾಡಿಗೆ ಎಣಿಸಿಕೊಂಡು ರಿಟರ್ನ್ಸ್‌ನಲ್ಲಿ ತೋರಿಸದವರಿಗೆ ಮೇಲಿನ ಯಾವ ಚಿಂತೆಯೂ ಇಲ್ಲ. ಏಟು ಬೀಳುವುದು ತೋರಿಸಿದವರಿಗೆ.

ಹೊರದೇಶದಲ್ಲಿ ದುಡಿಯುವ ಕನ್ನಡಿಗರ ಪಾಡು ಬೇರೆ. ಮಾಲೀಕರು ಇಲ್ಲೇ ಇದ್ದರೆ, ವಾಸಕ್ಕಿರುವ ಸಾಮಾನ್ಯ ಬಾಡಿಗೆದಾರರು ತಿಂಗಳ ಬಾಡಿಗೆ 50,000 ದಾಟಿದಾಗ ಶೇ 2ರಷ್ಟು ಟಿಡಿಎಸ್ ಹಿಡಿದರೆ ಸಾಕು. ಮಾಲೀಕರು ದುಬೈಯಲ್ಲೋ ಅಮೆರಿಕದಲ್ಲೋ ನೆಲೆಸಿದ ಅನಿವಾಸಿಯಾಗಿದ್ದರೆ ಮೊದಲ ರೂಪಾಯಿಯಿಂದಲೇ ಶೇ 31.2 ಹಿಡಿಯಬೇಕು. 25,000 ಬಾಡಿಗೆಗೆ ಅದು 7,800 ರೂಪಾಯಿ. ಅದಕ್ಕಾಗಿ ಬಾಡಿಗೆದಾರರು ಟ್ಯಾನ್ ಸಂಖ್ಯೆ ಪಡೆದು ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಎರಡು ಕೋಣೆಯ ಮನೆ ಹಿಡಿದ ಹೊಸ ದಂಪತಿಗೆ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ?

1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಎಂದು ತಾವು ಗೊತ್ತುಮಾಡಿದಿರಿ. ಭಾಷೆಯೇನೋ ಸರಳವಾಯಿತು, ಬಾಡಿಗೆ ಮನೆಯ ನಷ್ಟದ ವಿಚಾರ ಇದ್ದಲ್ಲೇ ಇದೆ. ಮುಂದಿನ ಹಣಕಾಸು ಮಸೂದೆಯಲ್ಲಿ ಎರಡು ತಿದ್ದುಪಡಿ ತನ್ನಿ: ಬಾಡಿಗೆ ಮನೆಯ ನಷ್ಟವನ್ನು ಹೊಸ ಪದ್ಧತಿಯಲ್ಲೂ ಮುಂದಿನ 8 ವರ್ಷಗಳ ಬಾಡಿಗೆಯಲ್ಲಿ ಕಳೆಯಲು ಬಿಡಿ, ಅನಿವಾಸಿಗಳ ಮನೆಯಲ್ಲಿರುವ ಬಾಡಿಗೆದಾರರು ಟ್ಯಾನ್ ಇಲ್ಲದೆ, ತಮ್ಮ ಪ್ಯಾನ್ ಮೂಲಕವೇ ಟಿಡಿಎಸ್ ಕಟ್ಟುವಂತೆ ಮಾಡಿ.

ಇಂತಿ,
ಬಾಡಿಗೆಯನ್ನು ಲೆಕ್ಕದಲ್ಲಿ ತೋರಿಸುವ ಮನೆ ಮಾಲೀಕರ ಪರವಾಗಿ