ವಿಮಾನ ಹಾರಿಸುವವರಿಗೂ ನಿದ್ರೆ ಬೇಕು

ಆರೋಗ್ಯದ ಅಂಕಣದಲ್ಲಿ ವಿಮಾನದ ಮಾತೇಕೆ ಎಂದು ನೀವು ಕೇಳಬಹುದು. 2025ರ ಡಿಸೆಂಬರ್ ಮೊದಲ ವಾರ ನಿಮಗೆ ನೆನಪಿರಬೇಕು. 5ನೇ ತಾರೀಖು ಒಂದೇ ದಿನ ಇಂಡಿಗೊ ಸಂಸ್ಥೆಯ ಸಾವಿರಕ್ಕೂ ಹೆಚ್ಚು ವಿಮಾನಗಳು ದೇಶದಾದ್ಯಂತ ರದ್ದಾದವು. ದೇವನಹಳ್ಳಿಯ ನಿಲ್ದಾಣದಲ್ಲೂ ಜನ ಪೆಟ್ಟಿಗೆಗಳ ನಡುವೆ ಗಂಟೆಗಟ್ಟಲೆ ಕಾದರು. 'ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡಲು ಹೋಗಿ ಹೀಗಾಯಿತು' ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು. ವೈದ್ಯನಾಗಿ ನಾನು ಈ ಮಾತನ್ನು ಒಪ್ಪಲಾರೆ. ತಪ್ಪು ನಿಯಮದ್ದಲ್ಲ. ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಸಿದ್ಧವಾಗಿ ಇಟ್ಟುಕೊಳ್ಳದೆ ಹೋದದ್ದು ತಪ್ಪು.

ಆ ನಿಯಮ ಹೇಳುವುದಾದರೂ ಏನು? ಪೈಲಟ್‌ಗೆ ವಾರಕ್ಕೆ ಸತತ 36 ಗಂಟೆಯ ಬದಲು 48 ಗಂಟೆ ವಿಶ್ರಾಂತಿ. ರಾತ್ರಿ ಎಂದರೆ ಮಧ್ಯರಾತ್ರಿಯಿಂದ ಬೆಳಿಗ್ಗೆ 5ರವರೆಗಲ್ಲ, 6ರವರೆಗೆ. ರಾತ್ರಿ ಪಾಳಿಯಲ್ಲಿ ವಿಮಾನ ಇಳಿಸುವ ಮಿತಿ ಆರರಿಂದ ಎರಡಕ್ಕೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಇದನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ಪೂರ್ತಿಯಾಗಿ ಜಾರಿಗೆ ಬಂದದ್ದು 2025ರ ನವೆಂಬರ್ 1ರಂದು. ತಯಾರಿಗೆ ಸಮಯವಿರಲಿಲ್ಲ ಎನ್ನುವಂತಿಲ್ಲ.

ಇನ್ನು ದೇಹದ ವಿಚಾರಕ್ಕೆ ಬರೋಣ. ನಮ್ಮ ಮಿದುಳಿನಲ್ಲಿ ಒಂದು ಜೈವಿಕ ಗಡಿಯಾರವಿದೆ. ರಾತ್ರಿ ಸುಮಾರು 2ರಿಂದ 6 ಗಂಟೆಯ ನಡುವೆ ಅದು ದೇಹವನ್ನು ಮಲಗು ಎಂದು ಒತ್ತಾಯಿಸುತ್ತದೆ. ಆಗ ಮೈಯ ಉಷ್ಣತೆ ಇಳಿಯುತ್ತದೆ, ಎಚ್ಚರ ಮಂದವಾಗುತ್ತದೆ, ತೀರ್ಮಾನ ತಡವಾಗುತ್ತದೆ. ಪೀಣ್ಯದ ಕಾರ್ಖಾನೆಯಲ್ಲಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಮುಂದಾಗಲಿ, ರಾತ್ರಿ ಪಾಳಿ ಮಾಡಿದವರಿಗೆಲ್ಲ ಇದು ಅನುಭವದ ಮಾತು. ವರ್ಷಗಟ್ಟಲೆ ರಾತ್ರಿ ದುಡಿದರೂ ಈ ಗಡಿಯಾರ ಪೂರ್ತಿಯಾಗಿ ಹೊಂದಿಕೊಳ್ಳುವುದು ಅಪರೂಪ.

ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವನಷ್ಟೇ ಕುಗ್ಗುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ಕಾನೂನು ರಸ್ತೆಯ ಮೇಲಿನ ಚಾಲಕನಿಗೆ ಇಟ್ಟಿರುವ ಮಿತಿ 30 ಮಿ.ಗ್ರಾಂ ಮಾತ್ರ. ಪೈಲಟ್ ಕುಡಿದಿದ್ದಾನೆಯೇ ಎಂದು ಉಸಿರು ಪರೀಕ್ಷಿಸುವ ಯಂತ್ರವಿದೆ. ನಿದ್ದೆಗೆಟ್ಟಿದ್ದಾನೆಯೇ ಎಂದು ಹೇಳುವ ಅಂಥ ಯಂತ್ರ ವಿಮಾನ ನಿಲ್ದಾಣದಲ್ಲಿಲ್ಲ. ಆದ್ದರಿಂದಲೇ ಗಂಟೆಗಳ ಲೆಕ್ಕ ಬೇಕು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕನ್ನಡ ನಾಡು ಕಂಡಿದೆ. 2010ರ ಮೇ 22ರ ಬೆಳಿಗ್ಗೆ 6 ಗಂಟೆ ದಾಟಿದ ಹೊತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಮಾತ್ರ ಉಳಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆಯಲ್ಲಿ, ಕಾಕ್‌ಪಿಟ್ ಧ್ವನಿಮುದ್ರಣದ ಮೊದಲ 1 ಗಂಟೆ 40 ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತುಕತೆಯೇ ಇರಲಿಲ್ಲ ಎಂಬುದು ಕಂಡುಬಂತು. ಕೇಳಿಬಂದದ್ದು ದೀರ್ಘ ಉಸಿರಾಟ, ಗೊರಕೆ. ಕ್ಯಾಪ್ಟನ್ ನಿದ್ದೆಹೋಗಿದ್ದರು.

ಗಾಢ ನಿದ್ರೆಯಿಂದ ಎದ್ದ ಕೂಡಲೇ ಮಿದುಳು ಪೂರ್ತಿ ಎಚ್ಚರವಾಗುವುದಿಲ್ಲ. ಕಣ್ಣು ತೆರೆದಿದ್ದರೂ ಬುದ್ಧಿ ಮಂಪರಿನಲ್ಲೇ ಇರುತ್ತದೆ. ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಈ ಸ್ಥಿತಿ ಉಳಿಯಬಹುದು. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಇಳಿಯಬೇಡಿ, ಮತ್ತೆ ಮೇಲೇರಿ ಎಂದು ಸಹ ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿಬಿಟ್ಟರು. ಚಕ್ರ ನೆಲ ಮುಟ್ಟಿದಾಗ ರನ್‌ವೇ ಅರ್ಧಕ್ಕೂ ಹೆಚ್ಚು ಮುಗಿದಿತ್ತು. ಇಳಿಯುವುದನ್ನು ಕೈಬಿಡದಿದ್ದದ್ದೇ ನೇರ ಕಾರಣ ಎಂದ ತನಿಖಾ ವರದಿ, ದೀರ್ಘ ನಿದ್ರೆಯ ನಂತರದ ಮಂಪರನ್ನು ಪೂರಕ ಕಾರಣವೆಂದು ಹೆಸರಿಸಿತು.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಅನುಭವವಾಗಲಿ ಮನೋಬಲವಾಗಲಿ ನಿದ್ರೆಗೆ ಬದಲಿಯಲ್ಲ. ಆ ಕ್ಯಾಪ್ಟನ್ ಹೊಸಬರೇನೂ ಆಗಿರಲಿಲ್ಲ. ಎರಡನೆಯದು, ಆ ಬೆಳಿಗ್ಗೆ ಅಪಾಯವನ್ನು ಸರಿಯಾಗಿ ಗುರುತಿಸಿದ್ದು ಪಕ್ಕದ ಕುರ್ಚಿಯಲ್ಲಿದ್ದವರು. ಅವರ ಮಾತು ನಡೆದಿದ್ದರೆ ವಿಮಾನ ಇನ್ನೊಂದು ಸುತ್ತು ಹಾಕಿ ಬರಬಹುದಿತ್ತು.

ಆ ಎರಡನೆಯ ಕುರ್ಚಿಯನ್ನೇ ಖಾಲಿ ಮಾಡಬಹುದೇ ಎಂಬ ಚರ್ಚೆ ಈಗ ಜಗತ್ತಿನಲ್ಲಿ ನಡೆದಿದೆ. ಹಿಂದೆ ದೊಡ್ಡ ವಿಮಾನಗಳಲ್ಲಿ ಪೈಲಟ್‌ಗಳ ಜೊತೆ ದಾರಿ ತೋರುವವರು, ರೇಡಿಯೋ ನೋಡಿಕೊಳ್ಳುವವರು, ಎಂಜಿನಿಯರು ಎಲ್ಲ ಇರುತ್ತಿದ್ದರು. ಯಂತ್ರಗಳು ಸುಧಾರಿಸಿದಂತೆ ಸಿಬ್ಬಂದಿ ಇಬ್ಬರಿಗೆ ಇಳಿಯಿತು. ಹಾರಾಟದ ನಡುವಿನ ಹೊತ್ತಿನಲ್ಲಿ ಒಬ್ಬರೇ ಸಾಕು ಎಂಬುದು ಇತ್ತೀಚಿನ ಆಲೋಚನೆ. ಹಾಗೆ ಮಾಡಿದರೆ ಇಬ್ಬರಿರುವಷ್ಟೇ ಸುರಕ್ಷತೆ ಇರುತ್ತದೆಂದು ಸಾಬೀತಾಗಿಲ್ಲ ಎಂದು ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2025ರಲ್ಲಿ ಹೇಳಿತು. ನನಗೆ ಇದು ಸರಿ ಎನಿಸುತ್ತದೆ. ಯಂತ್ರಕ್ಕೆ ನಿದ್ದೆ ಬರುವುದಿಲ್ಲ, ನಿಜ. ಆದರೆ ಒಬ್ಬ ಮನುಷ್ಯ ತೂಕಡಿಸಿದಾಗ, ಎದೆ ಹಿಡಿದು ಕುಸಿದಾಗ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ಬೇಕು.

ದೂರ ಹೆಚ್ಚಿದರೆ ಇಬ್ಬರೂ ಸಾಲರು. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು 17 ಗಂಟೆ ಹಾರಿ ಬೆಂಗಳೂರಿಗೆ ಬಂದಾಗ ಅದರಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳಿದ್ದರು. ಸರದಿಯ ಮೇಲೆ ಮಲಗಿ ಏಳಲು ಅವಕಾಶವಿದ್ದರೆ ಮಾತ್ರ ಅಷ್ಟು ದೂರದ ಪ್ರಯಾಣ ಕ್ಷೇಮ.

ಹೆಚ್ಚು ಪೈಲಟ್‌ಗಳೆಂದರೆ ಟಿಕೆಟ್ ದುಬಾರಿಯಾಗುವುದಿಲ್ಲವೇ? ಸ್ವಲ್ಪ ಆದೀತು. ಪೈಲಟ್‌ಗಳಿಗೆ ಕೈತುಂಬಾ ಸಂಬಳವಿದೆಯಲ್ಲ, ದುಡಿಯಲಿ ಎನ್ನುವವರೂ ಇದ್ದಾರೆ. ಸಂಬಳದಿಂದ ಹಾಸಿಗೆ ಕೊಳ್ಳಬಹುದು, ನಿದ್ದೆಯನ್ನಲ್ಲ. ಡಿಸೆಂಬರ್‌ನ ಗದ್ದಲದ ನಡುವೆ ಮಹಾನಿರ್ದೇಶನಾಲಯ ರಾತ್ರಿ ಹಾರಾಟದ ಕೆಲವು ನಿಯಮಗಳಿಂದ ಇಂಡಿಗೊಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಗೋಳು ಸುಳ್ಳಲ್ಲ. ಆದರೆ ವಿನಾಯಿತಿ ಸಿಕ್ಕಿದ್ದು ಸಂಸ್ಥೆಗೆ, ಪೈಲಟ್‌ನ ಮಿದುಳಿಗಲ್ಲ.

ಕೊನೆಯದಾಗಿ ನಮ್ಮ ಮನೆ ಬಾಗಿಲಿನ ಮಾತು. ಸರ್ಜಾಪುರದಿಂದ ಬೆಳಗಿನ ವಿಮಾನ ಹಿಡಿಯಲು ರಾತ್ರಿ ಎರಡು ಗಂಟೆಗೇ ಕಾರು ಹತ್ತುತ್ತೇವೆ. ಆ ಚಾಲಕ ಮಲಗಿದ್ದು ಯಾವಾಗ ಎಂದು ಕೇಳುತ್ತೇವೆಯೇ? ಅವನ ಜೈವಿಕ ಗಡಿಯಾರವೂ ಅದೇ, ಪಕ್ಕದಲ್ಲಿ ಸಹ ಚಾಲಕನೂ ಇಲ್ಲ. ಮೇಲಿಂದ ಮೇಲೆ ಆಕಳಿಸುತ್ತಿದ್ದರೆ, ಕಾರು ತನ್ನ ಸಾಲು ಬಿಟ್ಟು ಅತ್ತಿತ್ತ ಸರಿಯುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಲು ಹೇಳಿ. ಒಂದು ಲೋಟ ಕಾಫಿ, ಇಪ್ಪತ್ತು ನಿಮಿಷದ ಜೊಂಪು, ಆಮೇಲೆ ಮುಖ ತೊಳೆದು ಪೂರ್ತಿ ಎಚ್ಚರವಾಗಲು ಕೆಲವು ನಿಮಿಷ ಕೊಡಿ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ನಿದ್ರೆಯನ್ನು ತಡೆಯಲಾರವು.

ಮುಂದಿನ ಸಲ ಪೈಲಟ್‌ನ ದುಡಿಮೆಯ ಅವಧಿ ಮುಗಿದಿದೆ, ಬೇರೆಯವರು ಬರಬೇಕು ಎಂದು ವಿಮಾನ ತಡವಾದರೆ ದಯವಿಟ್ಟು ಕೌಂಟರಿನ ಹುಡುಗಿಯ ಮೇಲೆ ರೇಗಬೇಡಿ. ಆ ತಡ ನಿಮ್ಮ ಕ್ಷೇಮಕ್ಕಾಗಿಯೇ ಆದದ್ದು. ಬದಲಿ ಪೈಲಟ್ ಏಕೆ ಸಿದ್ಧವಿರಲಿಲ್ಲ ಎಂದು ಸಂಸ್ಥೆಯನ್ನು ಕೇಳಿ. ಕೇಳಬೇಕಾದ ಪ್ರಶ್ನೆ ಅದು.